ಕಿಸಿಮ್ಮಿಯ ಕಿಚ್ಚು

ಈ ವಾರ ಕತ್ತಲಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಡೇರೆ ಹಾಕಲು ಹೇಳಿ ಮಾಡಿಸಿದ ಜಾಗ ಯಾವುದೆಂದು ಕೇಳಿದವರಿಗೆ ಫ್ಲೋರಿಡಾದ ಕಿಸಿಮ್ಮಿ ಪ್ರೇರಿಯ ಹೆಸರು ಹೇಳಿ, ವಿವರ ಮುಂದಿನ ವಾರ ಎಂದು ಜಾರಿಕೊಂಡಿದ್ದೆ. ಮುಂದಿನ ವಾರ ಬಂದೇಬಿಟ್ಟಿತು. ಸಂಪಾದಕರ ಫೋನೂ ಬಂತು.

ಒರ್ಲ್ಯಾಂಡೊದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಕಿಸಿಮ್ಮಿ ಎಂದರೆ ಡಿಸ್ನಿ ವರ್ಲ್ಡ್ ನೋಡಲು ಹೋದವರು ಹೋಟೆಲು ಹಿಡಿಯುವ ಊರು. ನಾನು ಹೇಳುತ್ತಿರುವುದು ಆ ಊರಿನದಲ್ಲ. ಅಲ್ಲಿಂದ ದಕ್ಷಿಣಕ್ಕೆ ಒಂದೂವರೆ, ಎರಡು ಗಂಟೆ ಕಾರು ಓಡಿಸಿದರೆ, ಒಕಿಚೋಬಿ ಕೌಂಟಿಯಲ್ಲಿ, ಕಿಸಿಮ್ಮಿ ನದಿಯ ಪೂರ್ವಕ್ಕೆ ಸುಮಾರು 54,000 ಎಕರೆ ಹುಲ್ಲುಗಾವಲು ಸಿಗುತ್ತದೆ. 1997ರಲ್ಲಿ ಫ್ಲೋರಿಡಾ ಸರ್ಕಾರ ಕೊಂಡು ಕಾಪಿಟ್ಟ ನೆಲ ಇದು. ಹೆಸರು ಕಿಸಿಮ್ಮಿ ಪ್ರೇರಿ ಪ್ರಿಸರ್ವ್ ಸ್ಟೇಟ್ ಪಾರ್ಕ್. ಗೇಟು ದಾಟಿದ ಮೇಲೂ ಡೇರೆ ಹಾಕುವ ಜಾಗಕ್ಕೆ ಐದು ಮೈಲಿ ಮಣ್ಣುರಸ್ತೆ. ಆ ಐದು ಮೈಲಿಯಲ್ಲಿ ಒಂದು ಗುಡ್ಡವಿಲ್ಲ, ದಿಣ್ಣೆಯಿಲ್ಲ. ಮೊದಲ ಸಲ ಹೋದವರು ಅರ್ಧ ದಾರಿಯಲ್ಲಿ 'ಇಲ್ಲೇನಿದೆ?' ಎಂದು ಕೇಳಿಯೇ ಕೇಳುತ್ತಾರೆ.

ಕತ್ತಲಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಸಾಲ ಉಳಿಯುತ್ತದೆ. 2016ರಲ್ಲಿ ಈ ಜಾಗಕ್ಕೆ ಡಾರ್ಕ್ ಸ್ಕೈ ಪಾರ್ಕ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಫ್ಲೋರಿಡಾದ ಸ್ಟೇಟ್ ಪಾರ್ಕುಗಳಲ್ಲಿ ಇದೇ ಮೊದಲು. ದೂರದರ್ಶಕ ಹೊತ್ತು ಬರುವವರಿಗೆಂದೇ ಬೇರೆ ತಾಣಗಳಿವೆ. ಜನವರಿಯ ಕೊನೆಯಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಲುಬ್ಧಕದ ಕೆಳಗೆ, ದಿಗಂತದಿಂದ ಒಂದು ಮುಷ್ಟಿಯಷ್ಟೇ ಮೇಲೆ ಅಗಸ್ತ್ಯ ಕಾಣುತ್ತದೆ. ನ್ಯೂಯಾರ್ಕು, ಷಿಕಾಗೊಗಳಲ್ಲಿರುವ ನಮ್ಮವರಿಗೆ ಅಗಸ್ತ್ಯ ಹುಟ್ಟುವುದೇ ಇಲ್ಲ. ಫ್ಲೋರಿಡಾದಲ್ಲಿ ಹುಟ್ಟುತ್ತದೆ, ಆದರೆ ಎಷ್ಟು ತಗ್ಗಿನಲ್ಲೆಂದರೆ ನಡುವೆ ಒಂದು ತೋಪು ಬಂದರೂ ಮುಗಿಯಿತು. ಈ ಬಯಲಲ್ಲಿ ಅಂಥ ಅಡ್ಡಿ ಕಡಿಮೆ. ಉತ್ತರದ ಅಂಚಿಗೆ ಪಟ್ಟಣಗಳ ಬೆಳಕಿನ ಮಸುಕು ಸ್ವಲ್ಪ ಉಂಟು, ಅದಕ್ಕೆ ಬೆನ್ನು ಹಾಕಿ ಕೂತರಾಯಿತು.

ಈಗ ಕ್ಯಾಂಪ್‌ಫೈರಿನ ಕಥೆ. ಈ ಅಂಕಣದ ಹಳೆಯ ಓದುಗರಿಗೆ ನನ್ನ ಜಗಳ ಗೊತ್ತಿದೆ, ಹೊಸಬರು ಸಹಿಸಿಕೊಳ್ಳಬೇಕು. ಮಲೆನಾಡಿನ ರೆಸಾರ್ಟುಗಳಲ್ಲಿ ರಾತ್ರಿ ಏಳಾಗುವುದೇ ತಡ, ಸಿಲ್ವರ್ ಓಕಿನ ಸೌದೆಗೆ ಸೀಮೆಎಣ್ಣೆ ಸುರಿದು, ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿ, ಅಂತ್ಯಾಕ್ಷರಿ ಶುರುವಿಡುವ ಒಂದು ಪಂಥವಿದೆಯಲ್ಲ, ಅದಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಒಮ್ಮೆ ಅಂಥದೊಂದು ಕಡೆ ಬೆಂಕಿ ಬೇಡ ಎಂದಿದ್ದಕ್ಕೆ ಮ್ಯಾನೇಜರು, 'ಪ್ಯಾಕೇಜಿನಲ್ಲಿ ಸೇರಿದೆ ಸಾರ್' ಎಂದು ಹಚ್ಚಿಯೇ ಬಿಟ್ಟ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲು ಒಂದು ಜ್ವಾಲೆ ಸಾಕು. ಬೆಂಕಿಯ ಸುತ್ತ ಕೂತವನು ಬೆಂಕಿಯನ್ನು ಮಾತ್ರ ನೋಡುತ್ತಾನೆ. ಕಾಡು ಅವನ ಬೆನ್ನ ಹಿಂದೆ ಉಳಿಯುತ್ತದೆ. ಹಾಗೆ ಕೂರುವುದಾದರೆ ಮನೆಯ ತಾರಸಿ ಏನು ಕಡಿಮೆ?

ಕಿಸಿಮ್ಮಿಯಲ್ಲೂ ಡೇರೆಯ ಪಕ್ಕ ಬೆಂಕಿಗೆಂದು ಕಬ್ಬಿಣದ ಬಳೆ ಇಟ್ಟಿದ್ದಾರೆ. ನನ್ನದರಲ್ಲಿ ಬೂಟು ಒಣಗಿಸಿದೆ. ಚಳಿಗಾಲದ ಇರುಳಿನಲ್ಲಿ ಅಲ್ಲಿ ಮಂಜು ಇಳಿದು ಡೇರೆಯ ಒಳಮೈಯೂ ಒದ್ದೆಯಾಗುತ್ತದೆ. ಕದ ಒಂದಿಷ್ಟು ತೆರೆದಿಟ್ಟು ಮಲಗುವುದು ನಿಮಗೆ ಗೊತ್ತೇ ಇದೆ. ಕತ್ತಲೆಯಲ್ಲಿ ಸುಮ್ಮನೆ ಕೂತರೆ ಗೂಬೆ ಕೇಳುತ್ತದೆ, ಕಾಯೋಟಿ ಕೇಳುತ್ತದೆ, ಪೊದೆಯೊಳಗೆ ಕರಡಿಯೇ ಬಂತೆನ್ನುವ ಹಾಗೆ ಸದ್ದು ಮಾಡುತ್ತ ಬರುವ ಆರ್ಮಡಿಲೊ ಕೇಳುತ್ತದೆ. ಟಾರ್ಚು ಹಾಕಿದರೆ ಬೆಕ್ಕಿನ ಗಾತ್ರದ, ಚಿಪ್ಪು ಹೊದ್ದ, ನಿಮ್ಮನ್ನು ಗಮನಿಸದ ಒಂದು ಪ್ರಾಣಿ. ಊಟದ ಡಬ್ಬಿ ಕಾರಿನೊಳಗಿಡಿ. ರಕೂನುಗಳಿಗೆ ಜಿಪ್ಪು ತೆಗೆಯಲು ಬರುತ್ತದೆ.

ಬೆಳಗಾಗುವ ಮೊದಲೇ ಕ್ರೇನುಗಳ ಕೂಗು. ಸ್ಯಾಂಡ್‌ಹಿಲ್ ಕ್ರೇನ್ ನಮ್ಮ ಕ್ರೌಂಚದ ಬಳಗ. ಎದೆಯೆತ್ತರದ ಬೂದು ಹಕ್ಕಿ, ನೆತ್ತಿ ಕೆಂಪು, ಕಹಳೆ ಮೈಲಿಗಟ್ಟಲೆ ಕೇಳುತ್ತದೆ. ಇಲ್ಲಿ ನನ್ನ ಪ್ರೀತಿಯ ವಿಲಿಯಂ ಬಾರ್ಟ್ರಮ್‌ನನ್ನು ಕರೆಯದೆ ಇರಲಾರೆ. ಫಿಲಡೆಲ್ಫಿಯಾದ ಈ ಸಸ್ಯಶಾಸ್ತ್ರಜ್ಞ 1774ರಲ್ಲಿ ಫ್ಲೋರಿಡಾದ ಹುಲ್ಲುಗಾವಲುಗಳಲ್ಲಿ ಅಲೆದ. ಕೌಕೀಪರ್ ಎಂದು ಹೆಸರಾದ ಸೆಮಿನೋಲ್ ಮುಖ್ಯಸ್ಥ ಅವನಿಗೆ 'ಪಕ್ ಪಗ್ಗಿ', ಅಂದರೆ ಹೂ ಹುಡುಕುವವ, ಎಂದು ಹೆಸರಿಟ್ಟು ಎಲ್ಲೆಂದರಲ್ಲಿ ತಿರುಗಲು ಅಪ್ಪಣೆ ಕೊಟ್ಟ. 1791ರಲ್ಲಿ ಅಚ್ಚಾದ ಅವನ 'ಟ್ರಾವೆಲ್ಸ್' ನನ್ನ ಡೇರೆಚೀಲದ ಕಾಯಂ ಸದಸ್ಯ. ಅದರಲ್ಲಿ ಅವನು ಈ ಹಕ್ಕಿಯ ಎತ್ತರ, ರೆಕ್ಕೆಯ ಗರಿ, ಹಾರುವ ಲಯ ಎಲ್ಲವನ್ನೂ ಅಳೆದು ತೂಗಿ ಬರೆಯುತ್ತಾನೆ. ಬರೆದಾದ ಮೇಲೆ, ಹೊಡೆದ ಹಕ್ಕಿಯನ್ನು ಆ ರಾತ್ರಿ ಬೇಯಿಸಿ ಸಾರು ಮಾಡಿದರು, ಸಾರು ಬಲು ಚೆನ್ನಾಗಿತ್ತು ಎನ್ನುತ್ತಾನೆ. ಕೂಡಲೇ ಮನಸ್ಸು ಹಿಂಜರಿಯುತ್ತದೆ. ಬೇರೆ ಊಟ ಸಿಗುತ್ತಿರುವಷ್ಟು ಕಾಲ ತನಗೆ ಇವುಗಳ ಸಂಗೀತವೇ ಸಾಕು, ಹಸುರು ಬಯಲಲ್ಲಿ ಇವುಗಳ ಸಂಸಾರ ನೋಡಿಕೊಂಡಿರುತ್ತೇನೆ ಎಂಬರ್ಥದ ಮಾತು ಬರುತ್ತದೆ. ನಮ್ಮ ಕಡೆ ಕ್ರೌಂಚ ಬಿದ್ದಾಗ ಋಷಿ ಶಾಪ ಕೊಟ್ಟು ಕಾವ್ಯ ಶುರುಮಾಡಿದ. ಬಾರ್ಟ್ರಮ್ ಮೊದಲು ಸಾರು ಕುಡಿದ, ಆಮೇಲೆ ಮರುಗಿದ. ಅವನ ಪ್ರಾಮಾಣಿಕತೆ ನನಗೆ ಇಷ್ಟ.

ಪಾರ್ಕಿನಲ್ಲಿ ನೋಡಲು ಇನ್ನೂ ಇದೆ. ಕೆಂಪು ಮುಖದ ಕ್ಯಾರಕ್ಯಾರ ರಸ್ತೆಯ ಮೇಲೆ ಯಜಮಾನನ ಹಾಗೆ ನಡೆದು ಹೋಗುತ್ತದೆ. ನೋಡಿದರೆ ಹದ್ದಿನ ಜಾತಿ ಎನಿಸುತ್ತದೆ, ಅಲ್ಲ. ಫಾಲ್ಕನ್‌ಗಳ ನೆಂಟ, ತಿನ್ನುವುದು ರಣಹದ್ದುಗಳ ಪಂಕ್ತಿಯಲ್ಲಿ. ಬಿಲದಲ್ಲಿ ಬದುಕುವ ಗೂಬೆ, ಜಿಂಕೆ, ಕೆಸರಿನಲ್ಲಿ ಮೊಸಳೆಯ ದಾಯಾದಿ ಆಲಿಗೇಟರ್, ವಸಂತದಲ್ಲಿ ಕತ್ತರಿಬಾಲದ ಗಿಡುಗ. ಅಮೆರಿಕದಲ್ಲೂ 'ಪ್ರೇರಿ ಅಂದರೆ ಕ್ಯಾನ್ಸಾಸ್, ಡಕೋಟಾ; ಫ್ಲೋರಿಡಾದಲ್ಲಿ ಎಂಥ ಪ್ರೇರಿ' ಎಂದು ಮೂಗು ಮುರಿಯುವವರಿದ್ದಾರೆ. ಇದು ಹಳೆಯ ರೋಗ. ಪಶ್ಚಿಮದ ಕೌಬಾಯ್‌ಗಳನ್ನು ವೀರರನ್ನಾಗಿ ಮಾಡಿದ ಚಿತ್ರಕಾರ ಫ್ರೆಡರಿಕ್ ರೆಮಿಂಗ್ಟನ್ 1895ರಲ್ಲಿ ಫ್ಲೋರಿಡಾಕ್ಕೆ ಬಂದು ಇಲ್ಲಿನ ದನಗಾಹಿಗಳನ್ನು ಕಂಡು ಹಾರ್ಪರ್ಸ್ ಪತ್ರಿಕೆಯಲ್ಲಿ ಹೀಗಳೆದೇ ಬರೆದ. ಸ್ಪೇನಿನವರು ಬಿಟ್ಟು ಹೋದ ದನಗಳನ್ನು ಜೌಗಿನಲ್ಲಿ, ಸೊಳ್ಳೆಯಲ್ಲಿ, ಚಾಟಿ ಬೀಸಿಕೊಂಡು ಮೇಯಿಸುವವನು ಚಿತ್ರಕ್ಕೆ ಚೆಂದ ಕಾಣದಿದ್ದರೆ ಅದು ಯಾರ ತಪ್ಪು?

ನನಗೆ ಇಲ್ಲಿ ಬೇಕಾದದ್ದು ಒಂದು ಗುಬ್ಬಿ, ಅದು ಕಾಣುವುದಿಲ್ಲ. ಫ್ಲೋರಿಡಾ ಗ್ರಾಸ್‌ಹಾಪರ್ ಸ್ಪ್ಯಾರೊ. ಮಿಡತೆಯ ಹಾಗೆ ಜಿರ್ ಎನ್ನುತ್ತದೆ, ಅಂಗೈಯಲ್ಲಿ ಅಡಗುತ್ತದೆ, ನೆಲದ ಮೇಲೆ ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತದೆ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಸೈನ್ಯದ ವೈದ್ಯ ಎಡ್ಗರ್ ಮರ್ನ್ಸ್ 1902ರಲ್ಲಿ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ. ಮಧ್ಯ ಫ್ಲೋರಿಡಾದ ಈ ಒಣ ಪ್ರೇರಿಗಳಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇದಿಲ್ಲ. ಪ್ರೇರಿಯ ಬಹುಪಾಲು ದನಗಳ ಹುಲ್ಲುಗದ್ದೆ, ಕಿತ್ತಳೆ ತೋಟಗಳಾಗಿ ಹೋದ ಮೇಲೆ 1986ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದ ಬೆಂಕಿಯಿರುವೆ ಗೂಡಿಗೇ ನುಗ್ಗಿ ಮರಿಗಳನ್ನು ತಿನ್ನುತ್ತದೆ. ವಿಜ್ಞಾನಿಗಳು ಗೂಡಿನ ಸುತ್ತ ಬೇಲಿ ಕಟ್ಟುತ್ತಾರೆ, ಇರುವೆಹುತ್ತಕ್ಕೆ ಬಿಸಿನೀರು ಹುಯ್ಯುತ್ತಾರೆ, ಮಳೆ ಬಂದರೆ ಗೂಡು ಮುಳುಗದ ಹಾಗೆ ಎತ್ತರಿಸುತ್ತಾರೆ. 2019ರಿಂದ ಸಾಕಿದ ಹಕ್ಕಿಗಳನ್ನು ಪ್ರೇರಿಯ ಉತ್ತರದ ಥ್ರೀ ಲೇಕ್ಸ್ ಎಂಬಲ್ಲಿ ಬಿಡುತ್ತಿದ್ದಾರೆ.

ಒಂದು ಗುಬ್ಬಿಗೆ ಇಷ್ಟೊಂದು ರಾದ್ಧಾಂತವೇ ಎನ್ನಬಹುದು. ಈ ರಾಜ್ಯ ಇನ್ನೊಂದು ಗುಬ್ಬಿಯನ್ನು ಕಳೆದುಕೊಂಡಿದೆ. ಕರಾವಳಿಯ ಜೌಗಿನಲ್ಲಿದ್ದ ಡಸ್ಕಿ ಸೀಸೈಡ್ ಸ್ಪ್ಯಾರೊ ಅದರ ಹೆಸರು. ಕೆನಡಿ ಬಾಹ್ಯಾಕಾಶ ಕೇಂದ್ರದ ಸುತ್ತ ಸೊಳ್ಳೆ ಕೊಲ್ಲಲು ಜೌಗಿಗೆ ನೀರು ತುಂಬಿಸಿದರು, ಇನ್ನೊಂದು ಕಡೆ ರಸ್ತೆಗಾಗಿ ನೀರು ಬಸಿದರು. ಎರಡರಿಂದಲೂ ಹಕ್ಕಿ ಸತ್ತಿತು. ಉಳಿದ ಕೊನೆಯದು, ಮುದಿ ಗಂಡು, 1987ರ ಜೂನಿನಲ್ಲಿ ಪ್ರಾಣ ಬಿಟ್ಟಿತು. ಎಲ್ಲಿ ಅಂತೀರಿ? ಡಿಸ್ನಿ ವರ್ಲ್ಡಿನ ಡಿಸ್ಕವರಿ ದ್ವೀಪದ ಪಂಜರದಲ್ಲಿ. ಮೂರು ವರ್ಷದ ಮೇಲೆ ಸರ್ಕಾರ ಅದು ಇಲ್ಲವಾಯಿತೆಂದು ಕಾಗದದಲ್ಲಿ ಬರೆಯಿತು.

ಮಿಡತೆಗುಬ್ಬಿಗೆ ಮರ ಕಂಡರೆ ಆಗದು. ಮರವೆಂದರೆ ಗಿಡುಗ ಕೂರುವ ಜಾಗ. ಗುಬ್ಬಿಗೆ ಬೇಕಾದದ್ದು ಮೊಣಕಾಲೆತ್ತರದ ಪೊದೆ, ನಡುವೆ ಓಡಾಡಲು ಬರಿನೆಲ, ಒಂದಿಷ್ಟು ಹುಲ್ಲು. ಇಷ್ಟನ್ನು ಒದಗಿಸುವ ಕೆಲಸಗಾರ ಈ ಲೋಕದಲ್ಲಿ ಒಬ್ಬನೇ ಇದ್ದಾನೆ, ಅವನು ಬೆಂಕಿ.

ಕತ್ತಲು ಬರೆಯಲು ಕೂತವನು ಇಲ್ಲಿಗೆ ಬಂದು ನಿಂತೆ. ವಾಪಸು ಹೋಗುವ ಇರಾದೆ ಇಲ್ಲ.

ಒಣ ಪ್ರೇರಿ ಎಂದು ಹೆಸರು, ಆದರೆ ಜೂನಿನಿಂದ ಅಕ್ಟೋಬರ್ ತನಕ ಅದರ ಹಾದಿಗಳು ನೀರಿನಡಿ ಇರುತ್ತವೆ. ಮೇಲೆ ಬಿಳಿ ಮರಳು, ಒಂದಿಷ್ಟು ಅಡಿ ಕೆಳಗೆ ಗಟ್ಟಿಯಾದ ಕಪ್ಪು ಪದರ, ನೀರು ಇಳಿಯುವುದಿಲ್ಲ. ಮಳೆಗಾಲ ಮುಗಿದರೆ ಅದೇ ಮರಳು ಬಣಗುಟ್ಟುತ್ತದೆ. ಮೇ ತಿಂಗಳಲ್ಲಿ ಮೊದಲ ಗುಡುಗು ಬರುವ ಹೊತ್ತಿಗೆ ಹುಲ್ಲು ಒಣಗಿ ಕೂತಿರುತ್ತದೆ. ಅಮೆರಿಕದಲ್ಲಿ ಸಿಡಿಲಿಗೆ ಹೆಸರಾದ ರಾಜ್ಯ ಫ್ಲೋರಿಡಾ. ಬಯಲು ಸಪಾಟು, ತಡೆಯುವ ಹೊಳೆ ಬೆಟ್ಟಗಳಿಲ್ಲ. ಒಂದು ಕಡೆ ಹತ್ತಿದ ಕಿಚ್ಚು ದಿನಗಟ್ಟಲೆ ನಡೆದುಕೊಂಡು ಹೋಗುತ್ತಿತ್ತು. ಒಂದೊಂದು ತುಂಡು ನೆಲವೂ ಮೂರು ವರ್ಷದೊಳಗೆ ಒಮ್ಮೆಯಾದರೂ ಸುಡುತ್ತಿತ್ತು. ಸಾವಿರಾರು ವರ್ಷ ಹೀಗೇ ನಡೆದು, ಇಲ್ಲಿನ ಗಿಡಗಳಿಗೆ ಸುಡುವುದು ಅಭ್ಯಾಸವಾಯಿತು.

ಸಾ ಪಾಲ್ಮೆಟೊ ನೋಡಿ. ಗರಗಸದ ಹಲ್ಲಿನ ತೊಟ್ಟಿರುವ ಕುಳ್ಳ ತಾಳೆ ಅದು. ಅದರ ಕಾಂಡ ಮೇಲಕ್ಕೇಳದೆ ನೆಲಕ್ಕೆ ಮಲಗಿ ತೆವಳುತ್ತದೆ. ಎಲೆಗಳಲ್ಲಿ ಮೇಣ ತುಂಬಿದೆ, ಬೆಂಕಿ ಮುಟ್ಟಿದರೆ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತದೆ. ಎಲ್ಲ ಸುಟ್ಟು ಕರಿ ಕಾಂಡ ಉಳಿಯಿತು ಎನ್ನುವಷ್ಟರಲ್ಲಿ ಅದರ ತುದಿಯಿಂದ ಹಸಿರು ಬೀಸಣಿಗೆ ಹೊರಡುತ್ತದೆ. ಪ್ರೇರಿಯ ನೈಋತ್ಯಕ್ಕಿರುವ ಆರ್ಚ್‌ಬೋಲ್ಡ್ ಸಂಶೋಧನಾ ಕೇಂದ್ರದವರು ಲೆಕ್ಕ ಹಾಕಿ, ಕೆಲವು ಪಾಲ್ಮೆಟೊ ಬುಡಗಳ ವಯಸ್ಸು ಸಾವಿರಾರು ವರ್ಷ ಎನ್ನುತ್ತಾರೆ. ನಿಮ್ಮ ಮೊಣಕಾಲನ್ನು ಗೀರುವ ಪೊದೆ ಎಷ್ಟು ಬೆಂಕಿ ಕಂಡಿದೆಯೋ!

ವೈರ್‌ಗ್ರಾಸ್ ಎಂಬ ತಂತಿಹುಲ್ಲಿನದು ಇನ್ನೂ ಸೊಗಸು. ಅದು ಹೂ ಬಿಡಬೇಕಾದರೆ ಸುಡಬೇಕು, ಅದೂ ಸಿಡಿಲಿನ ಕಾಲದಲ್ಲಿ. ಚಳಿಗಾಲದಲ್ಲಿ ಸುಟ್ಟರೆ ಚಿಗುರುತ್ತದೆ, ಹೂವಿನ ಸುದ್ದಿ ಎತ್ತುವುದಿಲ್ಲ. ದನಗಾಹಿಗಳು ಎಳೆ ಮೇವಿಗಾಗಿ ಚಳಿಗಾಲದಲ್ಲೇ ಸುಡುತ್ತಿದ್ದರು. ಹುಲ್ಲು ಉಳಿಯಿತು, ಬೀಜ ಕಟ್ಟುವುದು ಅಪರೂಪವಾಯಿತು. ಈಗ ಪಾರ್ಕಿನವರು ಬೇಸಿಗೆಯಲ್ಲಿ ಬೆಂಕಿ ಕೊಡುತ್ತಾರೆ. ಶರತ್ಕಾಲಕ್ಕೆ ಸುಟ್ಟ ತುಂಡಿನಲ್ಲಿ ಮಾತ್ರ ಹೊಂಬಣ್ಣದ ತೆನೆ ಅಲೆಯಾಡುತ್ತಿರುತ್ತದೆ, ಪಕ್ಕದ ಸುಡದ ತುಂಡು ಹಸಿರಾಗಿಯೇ ಇರುತ್ತದೆ. ನಡುವಿನ ಗಡಿಯನ್ನು ಗೆರೆ ಎಳೆದು ತೋರಿಸಬಹುದು. ಗುಬ್ಬಿಯ ಸಂಸಾರವೂ ಇದೇ ಪಂಚಾಂಗದ ಮೇಲೆ ನಡೆಯುತ್ತದೆ. ಬೇಸಿಗೆಯ ಬೆಂಕಿ ಹಾದುಹೋದ ನೆಲದಲ್ಲಿ ಅದು ಬೇಗನೆ ಮರಳಿ ಹಾಡಲು ಕೂರುತ್ತದೆ, ಮೊಟ್ಟೆಯಿಡುವ ಕಾಲವನ್ನೇ ಮುಂದಕ್ಕೆ ಎಳೆಯುತ್ತದೆ.

ಬೆಂಕಿ ಕೊಡುವುದು ಎಂದರೆ ಕಡ್ಡಿ ಗೀರಿ ಓಡುವುದಲ್ಲ. ಗಾಳಿ, ತೇವ, ಹೊಗೆ ಹೋಗುವ ದಿಕ್ಕು ಎಲ್ಲ ನೋಡಿ, ಅಪ್ಪಣೆ ಪಡೆದು, ಗಾಳಿ ಹೋಗುವ ಕಡೆಯ ಅಂಚಿನಲ್ಲಿ ಮೊದಲು ಹಚ್ಚುತ್ತಾರೆ. ಆ ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ಹಿಮ್ಮೆಟ್ಟುತ್ತ ಅಗಲವಾದ ಕರಿಪಟ್ಟಿ ಬಿಡುತ್ತದೆ. ಆಮೇಲೆ ಎರಡೂ ಮಗ್ಗುಲು. ಕೊನೆಗೆ ಗಾಳಿ ಬರುವ ಕಡೆಯಿಂದ ತಲೆಬೆಂಕಿ. ಅದು ಓಡಿ ಬಂದು ಕರಿಪಟ್ಟಿಗೆ ಬಡಿದು ಸಾಯುತ್ತದೆ. ರಸ್ತೆಯಾಚೆ ದೂರದಲ್ಲಿ ನಿಂತು ನೋಡಿದ್ದೇನೆ. ಡ್ರಿಪ್ ಟಾರ್ಚ್ ಹಿಡಿದು ಎಣ್ಣೆಯ ಹನಿ ಬೆಂಕಿಯನ್ನು ನೆಲಕ್ಕೆ ಸುರಿಸುತ್ತ ನಡೆಯುವವರ ಮುಖದಲ್ಲಿ ಗದ್ದೆಗೆ ನೀರು ಕಟ್ಟುವವರ ನಿರಾಳ. ಹೊಗೆಯ ಮುಂದೆ ಹಾರುವ ಮಿಡತೆ ಹಿಡಿಯಲು ಹಕ್ಕಿಗಳ ಸಾಲು, ಕ್ಯಾರಕ್ಯಾರ ಅವುಗಳ ಜೊತೆಗೆ.

ಈ ವಿದ್ಯೆಯನ್ನು ಅಮೆರಿಕ ಒಮ್ಮೆ ಕಳೆದುಕೊಳ್ಳುವುದರಲ್ಲಿತ್ತು. ಬೆಂಕಿ ಕಾಡಿನ ಶತ್ರು ಎಂಬ ಅರಣ್ಯ ಪಂಥ 20ನೇ ಶತಮಾನದ ಮೊದಲ ಅರ್ಧದಲ್ಲಿ ಎಷ್ಟು ಬಲವಾಗಿತ್ತೆಂದರೆ, 1928ರಿಂದ ಮೂರು ವರ್ಷ ಡಿಕ್ಸಿ ಕ್ರುಸೇಡರ್ಸ್ ಎಂಬ ಪ್ರಚಾರಕರು ಟ್ರಕ್ಕುಗಳಲ್ಲಿ ಸಿನಿಮಾ ಹೇರಿಕೊಂಡು ಫ್ಲೋರಿಡಾ, ಜಾರ್ಜಿಯಾದ ಹಳ್ಳಿಹಳ್ಳಿ ತಿರುಗಿ, ಸುಡಬೇಡಿ ಎಂದು ಬೋಧಿಸಿದರು. ಹರ್ಬರ್ಟ್ ಸ್ಟೊಡಾರ್ಡ್ ಎಂಬುವನು 1931ರಲ್ಲಿ ಬಾಬ್‌ವೈಟ್ ಎಂಬ ಕಾಡುಹಕ್ಕಿಯ ಮೇಲೆ ಪುಸ್ತಕ ಬರೆದು, ಈ ಹಕ್ಕಿ ಉಳಿಯಲು ಬೆಂಕಿ ಬೇಕು ಎಂದ. ಆ ಅಧ್ಯಾಯವನ್ನು ಅಧಿಕಾರಿಗಳ ಒತ್ತಡಕ್ಕೆ ಹಲವು ಸಲ ತಿದ್ದಿ ಮೆತ್ತಗೆ ಮಾಡಬೇಕಾಯಿತು. 1944ರಲ್ಲಿ ಟೊಪ್ಪಿ ಹಾಕಿದ ಸ್ಮೋಕಿ ಕರಡಿ ಬಂದು ಮಕ್ಕಳ ತಲೆಯಲ್ಲೂ ಅದೇ ಪಾಠ ತುಂಬಿತು. ಸುಡದೆ ಬಿಟ್ಟ ಕಡೆ ಸೌದೆ ಕೂಡುತ್ತ ಹೋಯಿತು. 1998ರ ಬರಗಾಲದ ಬೇಸಿಗೆಯಲ್ಲಿ ಫ್ಲೋರಿಡಾ ಹೊತ್ತಿಕೊಂಡಾಗ ಇಡೀ ಫ್ಲ್ಯಾಗ್ಲರ್ ಕೌಂಟಿಯ ಜನ ಮನೆ ಬಿಟ್ಟು ಹೊರಡಬೇಕಾಯಿತು. 1990ರಷ್ಟು ಹಿಂದೆಯೇ ರಾಜ್ಯ ಒಂದು ಕಾಯಿದೆ ತಂದು, ಕ್ರಮವರಿತು ಸುಡುವವರಿಗೆ ಕಾನೂನಿನ ರಕ್ಷಣೆ ಕೊಟ್ಟಿತ್ತು. ಈಗ ಅಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಎಕರೆಯನ್ನು ಹೀಗೆ ಬೇಕೆಂದೇ ಸುಡುತ್ತಾರೆ.

ನಮ್ಮಲ್ಲೂ ಇದು ಹೊಸ ಮಾತಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಕೊಡುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ತರಗೆಲೆ ಇನ್ನೂ ಹಗುರವಿದ್ದಾಗ ಕೊಟ್ಟ ತಣ್ಣನೆಯ ಬೆಂಕಿ ಅದು. ಕಾನೂನು ಅದನ್ನು ನಿಲ್ಲಿಸಿತು. ಲಂಟಾನ ಏಕೆ ಹಬ್ಬಿತು, ನೆಲ್ಲಿಮರಕ್ಕೆ ಬಂದಳಿಕೆ ಏಕೆ ಹೆಚ್ಚಿತು ಎಂದು ಸೋಲಿಗ ಹಿರಿಯರನ್ನು ಕೇಳಿ ನೋಡಿ, ಮೊದಲು ಹೇಳುವುದು ತರಗು ಬೆಂಕಿ ನಿಂತ ಕಥೆಯನ್ನೇ. ಅವರ ಮಾತಿಗೆ ಬೆಂಬಲ ಕೊಡುವ ಸಂಶೋಧಕರಿದ್ದಾರೆ. ಇದನ್ನು ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ಬಂಡೀಪುರಕ್ಕೆ ಹೊರಡಬೇಡಿ. ಫೆಬ್ರವರಿ ಕೊನೆಯಲ್ಲಿ, ಒಣ ಲಂಟಾನದ ನಡುವೆ, ಗಾಳಿ ಬೀಸುವಾಗ ಹತ್ತಿಕೊಂಡ ಬೆಂಕಿ ಏನು ಮಾಡಿತೆಂದು 2019ರಲ್ಲಿ ನೋಡಿದ್ದೇವೆ. ಕಾಲ ಅರಿತವನ ಕೈಗೆ ಮಾತ್ರ ಕೊಳ್ಳಿ ಸಲ್ಲುತ್ತದೆ, ಮತ್ತು ಆ ಅರಿವು ಜಿಲ್ಲಾ ಕಚೇರಿಯ ಸುತ್ತೋಲೆಯಲ್ಲಿ ಬರುವುದಿಲ್ಲ.

'ಹಾಗಾದರೆ ನಮ್ಮ ಕ್ಯಾಂಪ್‌ಫೈರ್ ಮಾತ್ರ ಪಾಪವೇ?' ಎಂದು ಸೀಮೆಎಣ್ಣೆ ಪಂಥದವರು ಕೇಳುತ್ತಾರೆಂದು ಬಲ್ಲೆ. ಹೌದು. ಇಲ್ಲಿ ಬೆಂಕಿಗೆ ಕೆಲಸವಿದೆ, ಅಲ್ಲಿ ಇಲ್ಲ. ಕಿಸಿಮ್ಮಿಯ ಹುಲ್ಲಿಗೆ ಬೆಂಕಿ ಊಟ, ಅಂತ್ಯಾಕ್ಷರಿಗೆ ಅದು ಬರಿಯ ಸೋಗು. ಉಳಿದ ವಾದವನ್ನು ಪತ್ರದಲ್ಲಿ ಬರೆದು ಕಳುಹಿಸಿ, ಎಂದಿನ ಹಾಗೆ ಉತ್ತರಿಸುವುದಿಲ್ಲ.

ಹೋಗುವವರಿಗೆ ಎರಡು ಮಾತು. ಡೇರೆಗೆ ನವೆಂಬರಿನಿಂದ ಮಾರ್ಚ್ ಸರಿಯಾದ ಕಾಲ. ಮಳೆಗಾಲದಲ್ಲಿ ಸೊಳ್ಳೆ ಮತ್ತು ನೀರು ನಿಮ್ಮನ್ನು ಹೊತ್ತು ಹೋಗುತ್ತವೆ. ಬಿಡುವಿದ್ದರೆ ಪಕ್ಕದ ನದಿಯನ್ನೂ ನೋಡಿ ಬನ್ನಿ. 103 ಮೈಲಿ ಸುತ್ತಿ ಬಳಸಿ ಹರಿಯುತ್ತಿದ್ದ ಕಿಸಿಮ್ಮಿಯನ್ನು 1962ರಿಂದ 1971ರೊಳಗೆ 56 ಮೈಲಿಯ ನೇರ ಕಾಲುವೆ ಮಾಡಿದರು. ಆಮೇಲೆ ತಲೆ ಚಚ್ಚಿಕೊಂಡು, ಅದರ ಒಂದು ಭಾಗವನ್ನು ಮತ್ತೆ ಡೊಂಕು ಮಾಡಲು 2021ರ ತನಕ ದುಡಿದರು. ಅದರ ಕಥೆ ಇನ್ನೊಂದು ವಾರದ ಹೊಟ್ಟೆಪಾಡು.

ಪಾರ್ಕಿನ ಕಚೇರಿಯಲ್ಲಿ ಹಕ್ಕಿಗಳ ಪಟ್ಟಿ ಕೇಳುವ ಮೊದಲು, ಹೋದ ಬೇಸಿಗೆಯಲ್ಲಿ ಯಾವ ತುಂಡು ಸುಟ್ಟಿರಿ ಎಂದು ಕೇಳಿ. ರೇಂಜರ್ ಒಂದು ಕ್ಷಣ ನಿಮ್ಮ ಮುಖ ನೋಡಿ, ಗೋಡೆಯ ನಕ್ಷೆಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೇ ನಡೆಯಿರಿ. ಪಾಲ್ಮೆಟೊದ ಕರಿಕಾಂಡಗಳು ಕಾಲಿನ ತುಂಬ ಇದ್ದಿಲ ಗೆರೆ ಎಳೆಯುತ್ತವೆ, ಒಗೆದರೂ ಹೋಗುವುದಿಲ್ಲ. ಬಿಳಿ ಪ್ಯಾಂಟು ಬೇಡ.